ಎರಡು ಲೇತು, ಒಬ್ಬ ಆಳು

ಮಿಲ್ಟನ್ ಅನ್ನೋ ಈ ಪರದೇಶದ ಊರಿನ ವರ್ಕ್‌ಶಾಪಿಗೆ ಸೇರಿದ ಮೊದಲ ದಿನ ಯೂನಿಯನ್ ಆಫೀಸು ಎಲ್ಲಿ ಅಂತ ಕೇಳಿದೆ. ಸೂಪರ್‌ವೈಸರ್ ಟಾಯ್ಲೆಟ್ ಕಡೆ ಕೈ ತೋರಿಸಿ ನಕ್ಕ.

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಬೆಂಗಳೂರಿನ ಸರ್ಕಾರಿ ಕಾರ್ಖಾನೆಯೊಂದಕ್ಕೆ ಹೆಲ್ಪರಾಗಿ ಸೇರಿ, ಲೇತ್ ಮಿಷನ್ನಿನಲ್ಲಿ ಕಬ್ಬಿಣ ಕಡೆಯೋ ಟರ್ನರ್ ಆದೆ. ನಷ್ಟ ಅಂತ ಹೇಳಿ ಅದನ್ನು ಮುಚ್ಚಿದರು. ಹೆಂಡತಿ ಮಂಜುಳಾಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಿತು, ನಾನು ಅವಳ ಹಿಂದೆ ಬಂದೆ. ಇರೋದು ನೆಲದಡಿಯ ಮನೆ, ಬೇಸ್‌ಮೆಂಟು ಅಂತಾರೆ. ಕಿಟಕಿಯಲ್ಲಿ ಜನರ ಕಾಲು ಮಾತ್ರ ಕಾಣುತ್ತೆ.

ಪಕ್ಕದ ಲೇತಿನಲ್ಲಿ ಪೀಟರ್ ಇದ್ದ. ಬಲ್ಗೇರಿಯಾದವ. ಅವನೂ ಸರ್ಕಾರಿ ಟ್ರ್ಯಾಕ್ಟರ್ ಕಾರ್ಖಾನೆಯಿಂದ ಬಂದವನೇ. ಅಲ್ಲಿ ಆಡಳಿತ ಬದಲಾದ ಮೇಲೆ ಖಾಸಗಿಯವರು ಕೊಂಡು, ಮಿಷನ್ ಮಾರಿ, ಗೇಟಿಗೆ ಬೀಗ ಹಾಕಿದರಂತೆ. ಆಮೇಲೆ ಅಲ್ಲೊಂದು ಮಾಲ್ ಎದ್ದಿತು, ಉದ್ಯೋಗ ಹೆಚ್ಚಾಯ್ತು ಅಂತ ಪೇಪರಲ್ಲೂ ಬಂತು. ಗೇರ್ ಕಟ್ ಮಾಡುತ್ತಿದ್ದ ಇವನು ಅದೇ ಮಾಲಿಗೆ ವಾಚ್‌ಮನ್ ಆದ.

ಬೆಂಗಳೂರಿನ ನಮ್ಮ ಕಾರ್ಖಾನೆಯಲ್ಲಿ ಒಬ್ಬನಿಗೆ ಒಂದೇ ಮಿಷನ್. ಪಕ್ಕದವನದ್ದು ಮುಟ್ಟಿದರೆ ಯೂನಿಯನ್ನವರು ಕ್ಯಾಂಟೀನಲ್ಲಿ ಮಾನ ತೆಗೀತಿದ್ದರು. ಸೋಮಾರಿಗಳ ರೂಲು ಅಂತ ನಾನೇ ಬೈದಿದ್ದೆ. ಇಲ್ಲಿ ಪೀಟರ್ ಬೆನ್ನುನೋವಿಗೆ ಒಂದು ವಾರ ರಜಾ ಹಾಕಿದಾಗ, ಅವನ ಕೆಲಸ ನಿಲ್ಲಬಾರದು ಅಂತ ಎರಡೂ ಲೇತು ಓಡಿಸಿದೆ. ಜಂಬವೂ ಇತ್ತು, ಸುಳ್ಳು ಹೇಳಲ್ಲ. ಸೂಪರ್‌ವೈಸರ್ ಬೆನ್ನು ತಟ್ಟಿದ. ಪೀಟರ್ ವಾಪಸ್ ಬಂದಾಗ ಅವನ ಬೂಟು, ಟೀ ಮಗ್ಗು ಚೀಲದಲ್ಲಿ ತುಂಬಿ ಬಾಗಿಲಲ್ಲಿಟ್ಟಿದ್ದರು. ನನ್ನ ಕೈಗೆ, ಕೆಲಸ ಪರ್ಮನೆಂಟ್, ಎರಡೂ ಲೇತು ನಿನ್ನದೇ, ಸಹಿ ಹಾಕು ಅನ್ನೋ ಪತ್ರ ಬಂತು.

ಅದೇ ಭಾನುವಾರ ಕನ್ನಡದವರ ಊಟದ ಕೂಟದಲ್ಲಿ ಮೈಸೂರಿನ ಇಂಜಿನಿಯರೊಬ್ಬರು ಬಿಸಿಬೇಳೆಬಾತ್ ತಿನ್ನುತ್ತಾ, ಸರ್ಕಾರಿ ಕಾರ್ಖಾನೆ ಮುಚ್ಚಿದ್ದೇ ಒಳ್ಳೇದಾಯ್ತು, ಪ್ರೈವೇಟು ಬಂದ ಕಡೆಯೆಲ್ಲ ಕೆಲಸ ಬೆಳೆದಿದೆ, ನಿಮ್ಮನ್ನೇ ನೋಡಿ ಅಂದರು.

“ಸಾರ್, ಆ ಲೆಕ್ಕದಲ್ಲಿ ನನ್ನನ್ನು ಕೂಡಿಸುವಾಗ ಪೀಟರ್ ಅನ್ನೋ ಒಬ್ಬನನ್ನು ಕಳೀರಿ” ಅಂದೆ.

ಮಂಜುಳಾ ಮೇಜಿನಡಿ ನನ್ನ ಕಾಲು ತುಳಿದಳು.

ಸೋಮವಾರ ಹೋಗಿ, ಒಂದೇ ಲೇತು ಓಡಿಸ್ತೀನಿ, ಪೀಟರನ್ನು ಕರೆಸಿ ಅಂದೆ. ಎರಡೂ ಓಡಿಸೋರು ಹೊರಗೆ ಬೇಕಾದಷ್ಟಿದ್ದಾರೆ ಅಂದ ಸೂಪರ್‌ವೈಸರ್. ಈ ಸಲ ನಗಲಿಲ್ಲ.

ಪತ್ರಕ್ಕೆ ಸಹಿ ಹಾಕಿಲ್ಲ, ಹರಿದೂ ಹಾಕಿಲ್ಲ. ಎರಡೂ ಲೇತು ಓಡಿಸ್ತಿದ್ದೀನಿ. ಬೆಂಗಳೂರಿನ ಆ ಕಾರ್ಖಾನೆ ಈಗಿಲ್ಲ, ಈ ವರ್ಕ್‌ಶಾಪನ್ನು ನಮ್ಮದು ಅನ್ನೋಕೆ ನಾಲಿಗೆ ಏಳಲ್ಲ. ಶಿಫ್ಟು ಮುಗಿದ ಮೇಲೆ ಮಾತ್ರ, ಅಲ್ಲಿ ಕಲಿತ ಹಾಗೆ, ಮುಂದೆ ಬರೋನಿಗೆ ಅಂತ ಲೇತು ಒರೆಸಿ ಎಣ್ಣೆ ಬಿಡ್ತೀನಿ. ಪೀಟರನ ಲೇತಿಗೂ.