ಎಂಟು ಎಮ್ಮೆಗಳ ಜೊತೆ ರೋಹ್ತಕದಿಂದ ಕಾಗವಾಡಕ್ಕೆ

೧೯೯೨ರ ನವೆಂಬರ್ ಕೊನೆಯ ವಾರ ನಾನು ನಮ್ಮೂರು ಸದಲಗಾದಿಂದ ಚಿಕ್ಕೋಡಿಗೆ ಬಂದು, ರಾಯಬಾಗ, ಕುಡಚಿ ಮೇಲೆ ಕಾಗವಾಡಕ್ಕೆ ಹೋಗುವ ಬಸ್ಸು ಹತ್ತಿದೆ. ನನಗಾಗ ಇಪ್ಪತ್ತೆಂಟು ವರ್ಷ. ಅತ್ತ ಮಿರಜ, ಇತ್ತ ಬೆಳಗಾವಿ ಬಿಟ್ಟರೆ ಬೇರೆ ದೊಡ್ಡ ಊರು ಕಂಡವನಲ್ಲ. ಈಗ ಹೊರಟಿದ್ದು ದಿಲ್ಲಿಯ ಆಚೆ ಹರಿಯಾಣಾದ ರೋಹ್ತಕಕ್ಕೆ, ಮುರ್ರಾ ಎಮ್ಮೆ ತರಲು. ಕೋಡು ಸುರುಳಿ ಸುತ್ತಿದ ಆ ಎಮ್ಮೆಗಳು ನಮ್ಮ ಎಮ್ಮೆಗಳ ಎರಡರಷ್ಟು ಹಾಲು ಕೊಡುತ್ತವೆ ಎಂದು ನಮ್ಮ ಕಡೆಯ ಹೈನಿನ ಮಂದಿ ಹುಚ್ಚಾಗಿದ್ದ ಕಾಲ ಅದು.

ಕಾಗವಾಡದಲ್ಲಿ ಇಮಾಮ ಕಾಕಾ ಜೊತೆಯಾದರು. ಅರವತ್ತರ ಹತ್ತಿರದ ವಯಸ್ಸು, ತೆಳ್ಳನೆಯ ಮೈ, ಬಿಳಿ ಗಡ್ಡ. ಎಮ್ಮೆಯ ಬೆನ್ನ ಮೇಲೆ ಕೈಯಾಡಿಸಿ ಅದು ಎಷ್ಟು ಕರು ಹಾಕಿದೆ, ಎಷ್ಟನೆಯ ಸೂಲು ಎಂದು ಹೇಳಬಲ್ಲವರು. ರೋಹ್ತಕಕ್ಕೆ ಅವರು ಹೋಗುತ್ತಿದ್ದುದು ಏಳನೆಯ ಸಲ. ನನ್ನಣ್ಣ ಅವರ ಮೇಲೆ ಭಾರ ಹಾಕಿಯೇ ನನ್ನನ್ನು ಕಳಿಸಿದ್ದ.

ಮಿರಜದಿಂದ ದಿಲ್ಲಿಗೆ ಎರಡು ರಾತ್ರಿಯ ದಾರಿ. ಕಾಯ್ದಿರಿಸದ ಡಬ್ಬಿಯಲ್ಲಿ ಕಿಟಕಿಯ ಪಕ್ಕ ನನ್ನನ್ನು ಕೂರಿಸಿ ಕಾಕಾ ಎಲ್ಲವನ್ನೂ ತೋರಿಸುತ್ತ ಬಂದರು. ಅಹಮದನಗರ ಜಿಲ್ಲೆಯ ಕಲ್ಲು ಭೂಮಿ ನೋಡಿ ನಮ್ಮ ಅಥಣಿ ತಾಲ್ಲೂಕಿನ ತೆಲಸಂಗದ ಹೊಲಗಳು ಇಲ್ಲಿಗೂ ಬಂದವೇನೋ ಅನ್ನಿಸಿತು. ಭುಸಾವಳದ ಬಾಳೆ ತೋಟ, ನರ್ಮದೆಯ ಉದ್ದನೆಯ ಸೇತುವೆ, ಅದರಾಚೆ ಸಾಗುವಾನಿ ಕಾಡು. ಮರುದಿನ ಚಂಬಲ್ ದಂಡೆಯಲ್ಲಿ ಯಾರೋ ಭೂಮಿಯನ್ನು ಪರಚಿ ಹಾಕಿದಂಥ ಮಣ್ಣಿನ ಕೊರಕಲುಗಳು. ಪ್ರತಿ ದೊಡ್ಡ ಸ್ಟೇಷನ್ನಿಗೂ ಚಹಾ ಮಾರುವವರ ಕೂಗು ಬದಲಾಗುತ್ತಿತ್ತು. ನನ್ನ ಮುರುಕು ಹಿಂದಿ ಅರ್ಥವಾಗದೆ ಜನ ನಗುವಾಗಲೆಲ್ಲ ನಾನು ಕಾಕಾನ ಅಂಗಿ ಚುಂಗು ಹಿಡಿದುಕೊಳ್ಳುವುದೊಂದು ಬಾಕಿ ಇತ್ತು.

ರೋಹ್ತಕದ ಸುತ್ತಲಿನ ಹಳ್ಳಿಗಳಲ್ಲಿ ಐದು ದಿನ ತಿರುಗಿದೆವು. ಬೆಳಗಿನ ಮಂಜು ಎಷ್ಟು ದಟ್ಟವೆಂದರೆ ಎಮ್ಮೆ ಮೊದಲು ಕೆಮ್ಮುತ್ತಿತ್ತು, ಆಮೇಲೆ ಕಾಣುತ್ತಿತ್ತು. ಕಣ್ಣು ಹಾಯುವವರೆಗೆ ಗೋಧಿಯ ಎಳೆ ಪೈರು, ಒಂದು ಗುಡ್ಡವಿಲ್ಲ, ಒಂದು ಬಂಡೆಯಿಲ್ಲ. ಎಮ್ಮೆ ಮಾರುವ ಯಜಮಾನರು ಕಾಕಾನನ್ನು ಹೆಸರು ಹಿಡಿದು ಕರೆದು, ತಮ್ಮ ಹಗ್ಗದ ಹೊರಸಿನ ಮೇಲೆಯೇ ಕೂರಿಸಿಕೊಂಡು, ಸಜ್ಜೆ ರೊಟ್ಟಿಯ ಮೇಲೆ ಮುಷ್ಟಿಯಷ್ಟು ಬೆಣ್ಣೆ ಹಾಕಿ ಕೊಟ್ಟರು. ಎಂಟು ಎಮ್ಮೆ ಆರಿಸಿದೆವು: ಐದು ನಮ್ಮೂರಿಗೆ, ಮೂರು ಕಾಗವಾಡಕ್ಕೆ. ಡಿಸೆಂಬರ್ ಮೊದಲ ವಾರ ಗೂಡ್ಸ್ ರೈಲಿನ ಒಂದು ಡಬ್ಬಿಯಲ್ಲಿ ಅವುಗಳನ್ನು ಕಟ್ಟಿ, ಹುಲ್ಲಿನ ಹೊರೆಗಳ ಮೇಲೆ ನಾವಿಬ್ಬರೂ ಹಾಸಿಕೊಂಡು ಮಿರಜಕ್ಕೆ ಹೊರಟೆವು.

ಹೊರಟ ಮೂರನೆಯ ದಿನ ಸಣ್ಣ ಸ್ಟೇಷನ್ನೊಂದರಲ್ಲಿ ಚಹಾ ಕೊಡುತ್ತಿದ್ದವನು ಕಾಕಾನ ಗಡ್ಡ ನೋಡಿ ಕೈ ಹಿಂದೆ ತೆಗೆದುಕೊಂಡ. ಅಯೋಧ್ಯೆಯಲ್ಲಿ ಆದದ್ದು, ಅದರ ಹಿಂದೆಯೇ ಊರೂರಲ್ಲಿ ಹತ್ತಿದ ಬೆಂಕಿ ನಮಗೆ ತಿಳಿದದ್ದು ಹಾಗೆ. ಡಬ್ಬಿಯ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ ಕಾಕಾ ಎದ್ದು ಒಳಗೆ ಹೋದರು. ಅಲ್ಲಿಂದ ಮುಂದೆ ಬಾಗಿಲಿಗೆ ಬರಲಿಲ್ಲ.

ಮರುದಿನ ಮುಂಜಾನೆ ದೊಡ್ಡ ಊರೊಂದರ ರೈಲು ಯಾರ್ಡಿನಲ್ಲಿ ಗಾಡಿ ನಿಂತಿತು. ಆ ಊರಿನ ಹೆಸರು ನಾನು ಬರೆಯುವುದಿಲ್ಲ. ನಮ್ಮ ಡಬ್ಬಿಯ ಗಾಲಿ ಕಾದಿದೆಯೆಂದು ಹೇಳಿ ಅದನ್ನು ಬಿಡಿಸಿ ಪಕ್ಕದ ಹಳಿಗೆ ತಳ್ಳಿದರು. ಉಳಿದ ಗಾಡಿ ಹೊರಟುಹೋಯಿತು. ದುರಸ್ತಿ ಯಾವಾಗ ಎಂದರೆ ಕೆಲಸಗಾರರು ಕರ್ಫ್ಯೂ ಇದೆ, ಯಾರು ಬರುತ್ತಾರೆ ಎಂದರು. ಗೋಡೆಯಾಚೆ ಮೂರು ಕಡೆ ಹೊಗೆ ಏಳುತ್ತಿತ್ತು. ಅಷ್ಟು ದೊಡ್ಡ ಊರಿನಿಂದ ಒಂದು ಗಾಡಿಯ ಸದ್ದಿಲ್ಲ, ನಡುನಡುವೆ ಒಮ್ಮೆಲೇ ಎದ್ದು ನಿಲ್ಲುವ ಜನರ ಕೂಗು ಮಾತ್ರ.

ಎಮ್ಮೆಗಳಿಗೆ ನೀರು ಬೇಕಿತ್ತು. ನಳ ಎರಡು ಫರ್ಲಾಂಗು ದೂರ. ಎರಡು ಬಕೀಟು ಹಿಡಿದು ಹೊರಟವನನ್ನು ಕಾಕಾ ತಡೆದರು.

"ಬಾಳು, ಹೊರಗಿಂದ ಕೊಂಡಿ ಹಾಕ್ಕೊಂಡ ಹೋಗು. ಒಳಗ ಮನಷ್ಯಾ ಅದಾನ ಅನ್ನೂದು ಯಾರಿಗೂ ಕಾಣಬಾರದು."

ಬಾಗಿಲು ಎಳೆದು, ಕೊಂಡಿ ಹಾಕಿ, ಅದಕ್ಕೆ ಕಬ್ಬಿಣದ ಮೊಳೆ ಸಿಕ್ಕಿಸಿದೆ. ಒಳಗಿನಿಂದ ಅದು ತೆರೆಯುವಂಥದ್ದಲ್ಲ. ಅವತ್ತು ಹೀಗೆ ಹತ್ತು ಹನ್ನೆರಡು ಸಲ ನೀರು ತಂದೆ. ಪ್ರತಿ ಸಲವೂ ಮೊಳೆ ತೆಗೆಯುವಾಗ ಸುತ್ತ ನೋಡುತ್ತಿದ್ದೆ.

ಎರಡನೆಯ ದಿನ ಹೊತ್ತೇರಿದ ಮೇಲೆ ನಾನು ನಳದ ಹತ್ತಿರ ಇದ್ದಾಗ ಇಪ್ಪತ್ತು ಮಂದಿ ಹಳಿಗುಂಟ ನಡೆದು ಬಂದರು. ಕೈಯಲ್ಲಿ ಸಲಾಕೆ, ಬಡಿಗೆ. ಒಬ್ಬನ ಹತ್ತಿರ ಸೀಮೆಎಣ್ಣೆಯ ಡಬ್ಬ. ನನ್ನ ಹೆಸರು, ತಂದೆಯ ಹೆಸರು, ಜಾತಿ, ಊರು ಎಲ್ಲ ಕೇಳಿದರು. ಕರ್ನಾಟಕ ಎಂದರೆ ಅವರಿಗೆ ತಿಳಿಯಲಿಲ್ಲ. ಮದ್ರಾಸಿಯೋ ಎಂದರು, ಹೌದೆಂದೆ. ಆಮೇಲೆ ಬಕೀಟು ಹಿಡಿದ ನನ್ನ ಅಕ್ಕಪಕ್ಕ ಡಬ್ಬಿಯವರೆಗೂ ಬಂದರು.

ಒಬ್ಬ ಬಾಗಿಲ ಸಂದಿಗೆ ಕಣ್ಣು ಹಚ್ಚಿದ. ಒಳಗೆ ಗೂಟಕ್ಕೆ ನಮ್ಮ ಊಟದ ತಟ್ಟೆ ನೇತು ಹಾಕಿದ್ದೆವು, ಒಂದಲ್ಲ, ಎರಡು. ಕತ್ತಲಲ್ಲಿ ಅವನಿಗೆ ಕಂಡದ್ದು ಎಮ್ಮೆಗಳ ಬೆನ್ನು ಮಾತ್ರ ಇರಬೇಕು. ಇಷ್ಟು ಎಮ್ಮೆ ಒಬ್ಬನೇ ತಂದೆಯಾ ಎಂದು ಕೇಳಿದ. "ಒಬ್ಬನೇ" ಎಂದೆ. ಕಾಕಾಗೆ ಕೇಳಲಿ ಎಂದು ಗಟ್ಟಿಯಾಗಿ ಹೇಳಿದೆನೋ, ಹೆದರಿಕೆಗೆ ದನಿ ತಾನಾಗಿಯೇ ಏರಿತೋ, ಇವತ್ತಿಗೂ ಹೇಳಲಾರೆ.

ಆಗ ಅವರು ನನ್ನ ಮೇಲೆ ಕನಿಕರಪಟ್ಟರು. ಪರದೇಶದ ಹುಡುಗ, ಇಲ್ಲಿ ಒಬ್ಬನೇ ಇದ್ದರೆ ಆ ಕಡೆಯವರು ಬಂದು ಕೊಲ್ಲುತ್ತಾರೆ, ನಡೆ ನಮ್ಮ ಜೊತೆ ಎಂದರು. ಎಮ್ಮೆಗೆ ನೀರು ಕುಡಿಸಿ ಬರುತ್ತೇನೆ ಎಂದರೆ ಬಾಗಿಲು ತೆರೆಯಬೇಕಾಗುತ್ತಿತ್ತು. ಬರುವುದಿಲ್ಲ ಎಂದರೆ ಯಾಕೆ ಎಂದು ಕೇಳುತ್ತಿದ್ದರು. ಬಕೀಟುಗಳನ್ನು ಬಾಗಿಲ ಕೆಳಗೆ ಇಟ್ಟು ಅವರ ಹಿಂದೆ ನಡೆದೆ. ನೀರಿನ ವಾಸನೆಗೆ ಎಮ್ಮೆಗಳು ಒದರತೊಡಗಿದವು. ಗೋಡೆ ದಾಟುವವರೆಗೂ ಅದು ಕೇಳುತ್ತಿತ್ತು.

ಕರೆದೊಯ್ದದ್ದು ಒಂದು ಧರ್ಮಶಾಲೆಗೆ. ನನ್ನಂತೆ ದಾರಿಯಲ್ಲಿ ಸಿಕ್ಕಿಬಿದ್ದವರು ಅಲ್ಲಿ ನಲವತ್ತು ಜನ ಇದ್ದರು. ಸಲಾಕೆಯನ್ನು ಗೋಡೆಗೆ ಒರಗಿಸಿ, ಕೈ ತೊಳೆದುಕೊಂಡು ಬಂದ ಅವರೇ ಪೂರಿ, ಬಟಾಟೆ ಪಲ್ಯ ಬಡಿಸಿದರು. ಸಾಕೆಂದರೂ ಮತ್ತೆರಡು ಹಾಕಿದರು. ನಾನು ತಿಂದೆ. ಹಸಿವೂ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಮಧ್ಯಾಹ್ನ ಹೊರಡಲು ಎದ್ದರೆ ಪೊಲೀಸರು ಬಾಗಿಲಲ್ಲಿ ನಿಂತಿದ್ದರು. ಕಂಡಲ್ಲಿ ಗುಂಡು ಹಾಕುವ ಹುಕುಂ ಆಗಿದೆ, ನಾಳೆ ಬೆಳಗಿನವರೆಗೆ ಯಾರೂ ಹೊರಗೆ ಬೀಳುವಂತಿಲ್ಲ ಎಂದರು. ಯಾರಿಗೆ ಏನೆಂದು ಹೇಳಲಿ? ನನ್ನ ಡಬ್ಬಿಯಲ್ಲಿ ಒಬ್ಬ ಮನುಷ್ಯ ಇದ್ದಾನೆ ಎಂದು ಪೊಲೀಸರಿಗೆ ಹೇಳಿದರೆ ಬಡಿಸಿದವರಿಗೂ ಕೇಳುತ್ತಿತ್ತು. ಬಾಯಿ ಮುಚ್ಚಿಕೊಂಡು ಕುಳಿತೆ. ಸಂಜೆಗೆ ಯಾರ್ಡಿನ ದಿಕ್ಕಿನಲ್ಲಿ ಹೊಸ ಹೊಗೆ ಎದ್ದಿತು.

ಬೆಳಗ್ಗೆ ಎರಡು ತಾಸು ಕರ್ಫ್ಯೂ ಸಡಿಲಿಸಿದರು. ಓಡಿ ಹೋದೆ. ನಮ್ಮ ಹಳಿ ಖಾಲಿಯಿತ್ತು. ಒಂದು ಬಕೀಟು ಮಗುಚಿ ಬಿದ್ದಿತ್ತು, ಇನ್ನೊಂದು ಇಟ್ಟಲ್ಲೇ ಇತ್ತು. ಡಬ್ಬಿ ಇಲ್ಲ. ಆಚೆ ಸುಟ್ಟು ಕರಕಾದ ಎರಡು ಡಬ್ಬಿಗಳು ನಿಂತಿದ್ದವು. ಹತ್ತಿರ ಹೋಗಿ ನೋಡುವ ಧೈರ್ಯ ಬರದೆ ಹಳಿಯ ಮೇಲೆ ಕುಳಿತುಬಿಟ್ಟೆ. ಹಸಿರು ನಿಶಾನೆ ಹಿಡಿದ ರೈಲ್ವೆಯ ಮುದುಕನೊಬ್ಬ ಬಂದು, ಎಮ್ಮೆ ಡಬ್ಬಿಯವನು ನೀನೇ ಏನು, ನಿನ್ನೆ ಮಧ್ಯಾಹ್ನವೇ ಗಾಲಿ ಸರಿಮಾಡಿ ಆಚೆಯ ಹಳಿಗೆ ಒಯ್ದಿದ್ದಾರೆ ಎಂದು ಕೈ ತೋರಿಸಿದ.

ಮೊಳೆ ನಾನು ಸಿಕ್ಕಿಸಿದ ಹಾಗೆಯೇ ಇತ್ತು. ಅದನ್ನು ಕಿತ್ತೆ. ಬಾಗಿಲು ಸರಿಸಿ ಕಾಕಾ ಎಂದು ಕರೆದೆ. ಎಮ್ಮೆಗಳ ಕಾಲುಗಳ ನಡುವೆ ತೆವಳಿ ಹೋದರೆ ಮೂಲೆಯಲ್ಲಿ ಹುಲ್ಲು ಮೈಮೇಲೆ ಎಳೆದುಕೊಂಡು ಅವರು ಕುಳಿತಿದ್ದರು. ಕಣ್ಣು ತೆರೆದೇ ಇತ್ತು. ಮೊದಲು ನನ್ನ ಕೈ ನೋಡಿದರು.

"ಬಕೀಟ ಎಲ್ಲಿ? ಎಮ್ಮಿ ನಿನ್ನಿ ಮುಂಜಾನೆಯಿಂದ ನೀರ ಕಂಡಿಲ್ಲ."

ಓಡಿ ನೀರು ತಂದೆ. ಎಮ್ಮೆಗಳು ಕುಡಿದ ಮೇಲೆ ಕಾಕಾ ಕುಡಿದರು. ತಾವು ಒಂದೆಮ್ಮೆಯ ಹಾಲು ಕರೆದು ಕುಡಿದಿದ್ದಾಗಿಯೂ, ಸಂಜೆ ಜನ ಬಂದು ಡಬ್ಬಿಗೆ ಬಡಿದು ಹೋದರೆಂದೂ ಹೇಳಿದರು. ಡಬ್ಬಿ ಶಂಟಿಂಗ್ ಮಾಡಿದಾಗ ಎಮ್ಮೆಯೊಂದು ಮುಗ್ಗರಿಸಿ ಅವರ ಮೊಣಕಾಲನ್ನು ತುಳಿದಿತ್ತು. ಅದು ತೆಂಗಿನಕಾಯಿಯಷ್ಟು ಬಾತಿತ್ತು. ಹೊರಗೆ ಕೆಲಸಗಾರರ ದನಿ ಇದ್ದುದರಿಂದ ಆಗ ಅವರು ಉಸಿರೂ ಬಿಟ್ಟಿರಲಿಲ್ಲ. ಆ ಜನ ಕರೆದೊಯ್ದು ಧರ್ಮಶಾಲೆಯಲ್ಲಿ ಇಟ್ಟಿದ್ದರೆಂದು ಮಾತ್ರ ನಾನು ಹೇಳಿದೆ.

ಅವತ್ತೇ ಮಧ್ಯಾಹ್ನ ನಮ್ಮ ಡಬ್ಬಿಯನ್ನು ಇನ್ನೊಂದು ಗೂಡ್ಸಿಗೆ ಜೋಡಿಸಿದರು. ಬಾಗಿಲು ಒಂದು ಗೇಣು ಮಾತ್ರ ತೆರೆದಿಟ್ಟು ನಾನು ಅಡ್ಡ ಕುಳಿತೆ. ಹೋಗುವಾಗ ದಾರಿಯೆಲ್ಲ ನನಗೆ ದೇಶ ತೋರಿಸಿದ ಕಾಕಾ ಈಗ ಕತ್ತಲಲ್ಲಿ ಕಾಲು ಚಾಚಿ ಮಲಗಿ, "ಈಗ ಏನ ಕಾಣತೈತಿ?" ಎಂದು ಕೇಳುತ್ತಿದ್ದರು. ಕಾಡು ಎಂದೆ. ಮರಳು, ನದಿ, ಸೇತುವೆ ಎಂದೆ. ಸ್ಟೇಷನ್ ಬಂದರೆ ಇಬ್ಬರೂ ಸುಮ್ಮನಾಗುತ್ತಿದ್ದೆವು. ಪ್ಲಾಟ್‌ಫಾರ್ಮಿನಲ್ಲಿ ನಾಲ್ಕು ಜನ ಒಟ್ಟಿಗೆ ಕಂಡರೆ ನಾನು ಬಾಗಿಲು ಎಳೆದುಕೊಳ್ಳುತ್ತಿದ್ದೆ. ಮರುದಿನ ಬಾಳೆ ತೋಟ ಎಂದೆ. ಅದರ ಮರುದಿನ ಜೋಳದ ಹೊಲ ಎಂದಾಗ ಅವರು ಎದ್ದು ಕುಳಿತರು, ತೆನೆ ಹಿಡಿದೈತೇನು ಎಂದು ಕೇಳಿದರು.

ಮಿರಜದಲ್ಲಿ ಇಳಿದದ್ದು ನಸುಕಿನಲ್ಲಿ. ಎಮ್ಮೆಗಳನ್ನು ಹೊಡೆದುಕೊಂಡು ಕಾಗವಾಡಕ್ಕೆ ನಡೆದೆವು, ಮೂರು ಹರದಾರಿಗಿಂತ ಕಡಿಮೆ ದಾರಿ. ಕಾಕಾ ಕುಂಟುತ್ತಿದ್ದರು. ಕಬ್ಬಿನ ಗಾಡಿಗಳು ಎದುರಾಗಿ, ಗಾಡಿಯವರು ಕನ್ನಡದಲ್ಲೂ ಮರಾಠಿಯಲ್ಲೂ ಎಮ್ಮೆಯ ಬೆಲೆ ಕೇಳುತ್ತಿದ್ದರು. ಊರು ಹತ್ತಿರ ಬಂದಾಗ ಕಾಕಾ ನನ್ನ ಕಡೆ ನೋಡದೆ ಕೇಳಿದರು.

"ಆ ಮಂದಿ ನಿನಗ ಉಣ್ಣಾಕ ಏನ ಕೊಟ್ರು?"

ಪೂರಿ, ಬಟಾಟೆ ಪಲ್ಯ ಎಂದೆ.

"ಉಂಡ್ಯಾ?"

"ಉಂಡ್ನಿ, ಕಾಕಾ."

ಎದುರಿಗೆ ಬಂದ ಕಬ್ಬಿನ ಗಾಡಿಗಾಗಿ ಎಮ್ಮೆಗಳನ್ನು ಬದಿಗೆ ಹೊಡೆದರು. "ಚಲೋ ಮಾಡಿದಿ. ಉಣ್ಣದಿದ್ರ ಅನುಮಾನ ಬರ್ತಿತ್ತು" ಎಂದರು.

ಅವರ ಮನೆಯ ಅಂಗಳದಲ್ಲಿ ಎಮ್ಮೆಗಳನ್ನು ಕಟ್ಟಿದೆವು. ದಣಿದ ಎಮ್ಮೆಗಳು ಎರಡು ದಿನ ಅಲ್ಲಿಯೇ ನಿಲ್ಲಲಿ, ನಾನು ಊರಿಗೆ ಹೋಗಿ ನಮ್ಮ ಐದಕ್ಕೆ ಟೆಂಪೋ ತರುವುದು ಎಂದಾಯಿತು. ಕಾಕು, ಅಂದರೆ ಕಾಕಾನ ಹೆಂಡತಿ, ನನಗೆ ಚಹಾ ತಂದುಕೊಟ್ಟು ಎದುರಿಗೆ ಕುಳಿತರು. ಒಂದು ವಾರದಿಂದ ಅವರು ರೇಡಿಯೋದ ಮುಂದಿನಿಂದ ಎದ್ದಿರಲಿಲ್ಲವಂತೆ.

"ಜೀವ ಹಾರಿ ಹೋಗಿತ್ತ ನೋಡಪ್ಪಾ. ಜೋಡಿ ನೀ ಅದೀ ಅನ್ನೂದೊಂದ ಧೈರ್ಯ. ಇವರನ್ನ ಬಿಟ್ಟ ಎಲ್ಲೂ ಹೋಗೂದಿಲ್ಲ ಅಂತ ನನಗ ಗೊತ್ತಿತ್ತ."

ತಲೆ ತಗ್ಗಿಸಿ ಕಪ್ಪಿನ ಚಹಾವನ್ನು ಬಸಿಗೆ ಸುರಿದುಕೊಂಡೆ. ಮೊಣಕಾಲಿಗೆ ಬಿಸಿ ಅರಿಶಿನ ಹಚ್ಚಿಕೊಳ್ಳುತ್ತಿದ್ದ ಕಾಕಾ ತಲೆ ಎತ್ತಲಿಲ್ಲ.

"ಹೌದು" ಎಂದರು. "ಜೋಡೀಲೇ ಇದ್ವಿ."

ಮನೆಯ ಮುಂದಿನ ರಸ್ತೆಗೇ ರಾಯಬಾಗದ ಬಸ್ಸು ಬಂತು. ಹತ್ತಿ ಕಿಟಕಿಯಿಂದ ನೋಡಿದೆ. ಕಾಕಾ ಆಗಲೇ ಅಂಗಳಕ್ಕೆ ಬಂದು, ಒಂದು ಎಮ್ಮೆಯ ಗೊರಸನ್ನು ಎತ್ತಿ ತಮ್ಮ ಒಳ್ಳೆಯ ಮೊಣಕಾಲ ಮೇಲಿಟ್ಟುಕೊಂಡು ಸಂದಿಯಲ್ಲಿ ಸಿಕ್ಕ ಜಲ್ಲಿಕಲ್ಲನ್ನು ತೆಗೆಯುತ್ತಿದ್ದರು.