ಥೋರಾಳ ಪಿಕಪ್ಪಿನ ಟಿಕ್ ಟಿಕ್ ಸದ್ದು

ಥೋರಾ ಹಾಲ್ವರ್ಸನ್ ಇಪ್ಪತ್ತಾರು ವರ್ಷಗಳಿಂದ ಉತ್ತರ ಡಕೋಟದ ಬಯಲಿನಲ್ಲಿ ಮನೆಮನೆಗೆ ಹೋಗುವ ನರ್ಸು. ಗಾಯಕ್ಕೆ ಪಟ್ಟಿ ಕಟ್ಟಿ, ರಕ್ತದೊತ್ತಡ ನೋಡಿ, ಒಂಟಿ ಮುದುಕರ ವಾರದ ಮಾತ್ರೆ ಡಬ್ಬಿ ತುಂಬಿಸಿ, ಅವರ ನಾಯಿಯ ತಲೆಯನ್ನೂ ಸವರಿ ಹೊರಡುವವಳು. ಅವಳು ಸೂಜಿ ಚುಚ್ಚಿದರೆ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಸುತ್ತಲಿನ ಹಳ್ಳಿಗಳಲ್ಲಿ ಮಾತಿತ್ತು.

ಅಕ್ಟೋಬರಿನಲ್ಲಿ ಅವಳ ಕಾರಿಗೆ ಜಿಂಕೆಯೊಂದು ಅಡ್ಡ ಬಂದು ಕಾರು ಗುಜರಿ ಸೇರಿತು. ಹಿಮ ಬೀಳುವುದರೊಳಗೆ ಏನಾದರೊಂದು ಬೇಕಲ್ಲ ಎಂದು ಹೊಲದ ಸಾಮಾನು ಹರಾಜಿನಲ್ಲಿ ಹಳೆಯ ಪಿಕಪ್ಪೊಂದನ್ನು ಅಗ್ಗಕ್ಕೆ ಕೊಂಡಳು. ಬಣ್ಣ ಹಸಿರು, ಎಡಬಾಗಿಲು ಮಾತ್ರ ಬಿಳಿ. ಹೀಟರ್ ಹಾಕಿದರೆ ಸುಟ್ಟ ಎಣ್ಣೆ ಮತ್ತು ಇಲಿಗೂಡಿನ ವಾಸನೆ. ಮೂರೇ ದಿನದಲ್ಲಿ ಅವಳ ಮೂಗು ಅದಕ್ಕೆ ಒಗ್ಗಿಹೋಯಿತು.

ನವೆಂಬರಿನಲ್ಲಿ ತಲೆನೋವು ಶುರುವಾಯಿತು. ಮೊದಮೊದಲು ಸುಸ್ತು ಎಂದುಕೊಂಡಳು. ಆಮೇಲೊಂದು ಬೆಳಗ್ಗೆ, ಸಾವಿರಾರು ಸಲ ದಾಟಿದ್ದ ಕವಲಿನಲ್ಲಿ ಗಾಡಿ ನಿಲ್ಲಿಸಿ, ಬಲಕ್ಕೆ ತಿರುಗಬೇಕೋ ಎಡಕ್ಕೋ ತಿಳಿಯದೆ ಕುಳಿತುಬಿಟ್ಟಳು. ಎದುರಿಗೆ ಬಿಳಿಯ ಬಯಲು, ನಡುವೆ ಒಂದು ಟೆಲಿಫೋನ್ ಕಂಬ. ತಾನು ಯಾರ ಮನೆಗೆ ಹೊರಟಿದ್ದೇನೆ ಎಂಬುದೂ ನೆನಪಿಗೆ ಬರಲಿಲ್ಲ.

ಅವಳ ತಾಯಿಗೂ ಹೀಗೇ ಶುರುವಾಗಿತ್ತು. ಅರವತ್ತೆರಡಕ್ಕೆ ಬೂಟುಗಳನ್ನು ಒಲೆಯೊಳಗಿಟ್ಟು ಬಾಗಿಲು ಹಾಕಿದವಳು, ಅರವತ್ತೈದಕ್ಕೆ ಥೋರಾಳನ್ನೇ "ನೀನ್ಯಾರಮ್ಮ?" ಎಂದು ಕೇಳಿದ್ದಳು. ಥೋರಾಳಿಗೆ ಈಗ ಅರವತ್ತೊಂದು. ಅವಳು ಯಾರಿಗೂ ಹೇಳಲಿಲ್ಲ. ಸ್ನಾನದ ಮನೆಯ ಕನ್ನಡಿಯ ಮುಂದೆ ನಿಂತು ತಿಂಗಳ ಹೆಸರುಗಳನ್ನು ಡಿಸೆಂಬರಿನಿಂದ ಹಿಂದಕ್ಕೆ ಒಪ್ಪಿಸುತ್ತಿದ್ದಳು. ಭಾನುವಾರ ಸಲೀಸಾಗಿ ಬರುತ್ತಿತ್ತು. ಬುಧವಾರ, ಗುರುವಾರದ ಹೊತ್ತಿಗೆ ಆಗಸ್ಟಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದಳು.

ಇದರ ಜೊತೆಗೆ ಒಂದು ಸದ್ದು. ಬೆಳಗ್ಗೆ ಪಿಕಪ್ ಚಾಲೂ ಮಾಡಿದ ಕೂಡಲೇ ಎಂಜಿನ್ ಒಳಗಿನಿಂದ ಟಿಕ್ ಟಿಕ್ ಟಿಕ್ ಎಂದು ಹೊಲಿಗೆ ಯಂತ್ರದಂತೆ ಕೇಳುವುದು. ಹತ್ತು ಹದಿನೈದು ನಿಮಿಷ ಓಡಿಸಿದರೆ ಮಾಯ. ಪೇಟೆಯ ವರ್ಕ್‌ಶಾಪಿಗೆ ಒಯ್ದಳು. ಅಲ್ಲಿಗೆ ಮುಕ್ಕಾಲು ಗಂಟೆಯ ದಾರಿ. ಅಲ್ಲಿಯವನು ಬಾನೆಟ್ ಎತ್ತಿ, ಕಿವಿಗೊಟ್ಟು, "ನಂಗಂತೂ ಏನೂ ಕೇಳಿಸ್ತಿಲ್ಲ ಮೇಡಂ. ಹಳೇ ಗಾಡಿಗೆ ಇದಕ್ಕಿಂತ ಒಳ್ಳೇ ಎಂಜಿನ್ ಸಿಗಲ್ಲ" ಎಂದ. ಥೋರಾ ವಾಪಸ್ ಬರುವಾಗ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದಳು. ಮರೆವು ಸಾಲದೆಂದು ಈಗ ಇಲ್ಲದ ಸದ್ದೂ ಕೇಳಿಸತೊಡಗಿತೆ?

ಜನವರಿಯ ಒಂದು ಮಂಗಳವಾರ ಆಂಬ್ರೋಸ್ ಕೆಸ್ಲರ್ ಮನೆಗೆ ಬಂದಳು. ಎಪ್ಪತ್ತೆಂಟರ ಆಂಬ್ರೋಸ್ ನಲವತ್ತು ವರ್ಷ ಟ್ರಾಕ್ಟರ್ ರಿಪೇರಿ ಮಾಡಿದವನು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ, ಇನ್ಸುಲಿನ್ ಸಿರಿಂಜಿನ ಗೆರೆಗಳು ಕಾಣದೆ, ಬೆಳಗಿನ ಚುಚ್ಚುಮದ್ದಿಗೆ ಭಾನುವಾರ ಪಕ್ಕದ ಮನೆಯವರನ್ನು, ಉಳಿದ ದಿನ ಥೋರಾಳನ್ನೇ ಕಾಯುತ್ತಿದ್ದ. ಅವಳು ಔಷಧಿ ಎಳೆದುಕೊಂಡು ಅವನ ಅಂಗಿ ಮೇಲೆತ್ತಿದಳು. ಅಷ್ಟರಲ್ಲಿ ಅವನ ದಪ್ಪ ಬೆರಳುಗಳು ಅವಳ ಮಣಿಕಟ್ಟನ್ನು ಹಿಡಿದವು.

"ಯಾಕಮ್ಮ ನರ್ಸಮ್ಮ, ಎಷ್ಟು ಸಲ ಚುಚ್ತೀಯ? ಈಗಷ್ಟೇ ಕೊಟ್ಯಲ್ಲ!"

"ಕೊಟ್ಟೆನಾ?"

"ಎರಡು ನಿಮಿಷ ಆಗಿಲ್ಲ. ನನ್ನ ಕಳಿಸೋಕೆ ಅಷ್ಟು ಅವಸರಾನಾ ನಿಂಗೆ?"

ಅವನು ನಗುತ್ತಿದ್ದ. ಥೋರಾ ಮೇಜಿನ ಮೇಲೆ ನೋಡಿದಳು. ಅಲ್ಲಿ ಖಾಲಿ ಸಿರಿಂಜೊಂದು ಬಿದ್ದಿತ್ತು. ಅದನ್ನು ತಾನೇ ಇಟ್ಟಿದ್ದು ಎನ್ನುವುದು ಅವಳಿಗೆ ನೆನಪಿರಲಿಲ್ಲ. ಕೈಯಲ್ಲಿದ್ದ ಎರಡನೆಯ ಸೂಜಿ ಒಳಗೆ ಹೋಗಿದ್ದರೆ ಮಧ್ಯಾಹ್ನದೊಳಗೆ ಈ ಮನುಷ್ಯ ಇದೇ ಕುರ್ಚಿಯಲ್ಲಿ ತಣ್ಣಗಾಗಿರುತ್ತಿದ್ದ. ಅವಳು ನೆಲದ ಮೇಲೆ ಕುಸಿದು ಕುಳಿತು ಅತ್ತುಬಿಟ್ಟಳು. ತಾಯಿ, ತಲೆನೋವು, ಕವಲುದಾರಿ, ತಿಂಗಳ ಹೆಸರು, ಇಲ್ಲದ ಸದ್ದು, ಎಲ್ಲವನ್ನೂ ಹೇಳಿದಳು.

ಆಂಬ್ರೋಸ್ ನಗು ನಿಲ್ಲಿಸಿ ಕೇಳಿಸಿಕೊಂಡ. ಆಮೇಲೆ ಅವನು ವಿಚಾರಿಸಿದ್ದು ಸದ್ದಿನ ಬಗ್ಗೆ.

"ಆ ಸದ್ದು ಇದೆ ಮಾರಾಯ್ತಿ. ಹೋದ ವಾರ ಇಲ್ಲೇ ಊಟ ಮಾಡಿ, ತಡವಾಗಿ ಹೊರಟ್ಯಲ್ಲ, ಆಗ ನಾನೂ ಕೇಳ್ದೆ. ಎಂಜಿನ್ ಬಿಸಿಯಾದ್ಮೇಲೆ ನಿಲ್ಲುತ್ತೆ ಅಂದ್ಯಾ?"

"ಹೂಂ. ವರ್ಕ್‌ಶಾಪಿಗೆ ಹೋಗೋಷ್ಟರಲ್ಲಿ ಇರಲ್ಲ."

"ತಲೆನೋವು ಭಾನುವಾರ ಇರುತ್ತಾ?"

"ಇಲ್ಲ."

"ಭಾನುವಾರ ಪಿಕಪ್ ಓಡಿಸ್ತೀಯಾ?"

"ಚರ್ಚು ಮನೆ ಎದುರೇ ಇದೆ. ನಡ್ಕೊಂಡು ಹೋಗ್ತೀನಿ." ಹೇಳುತ್ತಲೇ ಅವಳು ತಲೆಯೆತ್ತಿದಳು.

"ಇವತ್ತು ಯಾರ ಮನೆಗೂ ಹೋಗ್ಬೇಡ. ಫೋನ್ ಮಾಡಿ ಹೇಳು. ಗಾಡೀನ ನನ್ನ ಶೆಡ್ಡಿಗೆ ತಂದು ನಿಲ್ಸು, ಬಾನೆಟ್ ತೆಗೆದಿಡು. ಪೂರ್ತಿ ತಣ್ಣಗಾಗ್ಲಿ."

ಮೂರು ಗಂಟೆ ಕಾದರು. ಆಂಬ್ರೋಸ್ ಹಿಂದಿನ ದಿನದ ಸೂಪನ್ನು ಬಿಸಿ ಮಾಡಿ ಬಟ್ಟಲಿಗೆ ಹಾಕಿದ. ಥೋರಾ ಒಂದು ಚಮಚವನ್ನೂ ಬಾಯಿಗಿಡಲಿಲ್ಲ. ಎಂಜಿನ್ ಕೆಟ್ಟಿರಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದಳು. ಅದು ಗಟ್ಟಿಮುಟ್ಟಾಗಿದ್ದರೆ ಕೆಟ್ಟಿರುವುದು ತನ್ನ ತಲೆಯೇ ಎಂದಾಯಿತು. ಆಮೇಲೆ ಹುಡುಕಲು ಇನ್ನೊಂದು ಕಾರಣ ಉಳಿಯುವುದಿಲ್ಲ.

ಶೆಡ್ಡಿನ ಎರಡೂ ಬಾಗಿಲುಗಳನ್ನು ಪೂರ್ತಿ ತೆರೆದಿಟ್ಟ ಮೇಲೇ ಆಂಬ್ರೋಸ್ ಚಾಲೂ ಮಾಡಲು ಹೇಳಿದ. ಟಿಕ್ ಟಿಕ್ ಟಿಕ್. ಅವನು ಮೊಳದುದ್ದದ ರಬ್ಬರ್ ಪೈಪೊಂದರ ಒಂದು ತುದಿಯನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ತುದಿಯನ್ನು ಎಂಜಿನ್ ಮೇಲೆ ಮೆಲ್ಲಗೆ ಸರಿಸಿದ. ಮುಂದೆ, ನಡುವೆ, ಹಿಂದೆ. ಕ್ಯಾಬಿನ್ನಿನ ತಗಡಿಗೆ ಅಂಟಿದಂತಿದ್ದ ಮೂಲೆಯಲ್ಲಿ ಅವನ ಕೈ ನಿಂತಿತು.

"ಆಫ್ ಮಾಡು! ಟಾರ್ಚ್ ಹಿಡ್ಕೊಂಡು ಬಾ. ನನ್ನ ಬೆರಳು ಇರೋ ಜಾಗದಲ್ಲಿ ಏನು ಕಾಣುತ್ತೆ, ಹೇಳು."

ಥೋರಾ ಬಾಗಿ ನೋಡಿದಳು. "ಕಪ್ಪಗೆ ಮಸಿ. ಹೊಗೆ ಹೋಗೋ ಕೊಳವೆ ಎಂಜಿನ್ನಿಗೆ ಸೇರೋ ಕಡೆ. ಮುಂದೆಲ್ಲ ಬೋಲ್ಟ್ ತಲೆ ಇದೆ. ಇಲ್ಲಿ ಬರೀ ತೂತು."

"ಬೋಲ್ಟಿನ ತಲೆ ಮುರಿದು ಬಿದ್ದುಹೋಗಿದೆ, ತುಂಡು ಒಳಗೇ ಸಿಕ್ಕೊಂಡಿದೆ. ತಣ್ಣಗಿದ್ದಾಗ ಸಂದಿ ಬಿಡುತ್ತೆ, ಹೊಗೆ ಅಲ್ಲಿಂದ ಬಡ್ಕೊಂಡು ಹೊರಗೆ ಬರುತ್ತೆ. ಅದೇ ನಿನ್ನ ಸದ್ದು. ಬಿಸಿಯಾದ್ರೆ ಕಬ್ಬಿಣ ಹಿಗ್ಗಿ ಸಂದಿ ಮುಚ್ಚಿದ ಹಾಗಾಗುತ್ತೆ. ಸದ್ದು ಅಡಗುತ್ತೆ, ಹೊಗೆ ಮಾತ್ರ ಪೂರ್ತಿ ನಿಲ್ಲಲ್ಲ. ಈಗ ಒಳಗೆ, ನಿನ್ನ ಕಾಲಿಡೋ ಜಾಗದ ಮೇಲೆ ಕೈಯಾಡಿಸು."

ಪೆಡಲುಗಳ ಮೇಲ್ಗಡೆ, ವೈರುಗಳು ಹಾದುಹೋಗುವಲ್ಲಿ, ಅವಳ ಎರಡು ಬೆರಳು ತೂರುವಷ್ಟು ದೊಡ್ಡ ತೂತಿತ್ತು. ಅದಕ್ಕಿದ್ದ ರಬ್ಬರ್ ಬಿರಡೆಯನ್ನು ಇಲಿ ತಿಂದುಹಾಕಿತ್ತು.

"ಎರಡು ತಿಂಗಳಿಂದ ಕಿಟಕಿ ಮುಚ್ಕೊಂಡು ಅದೇ ಹೊಗೆ ಕುಡೀತಿದ್ದೀಯ. ತಲೆನೋವು, ಮರೆವು ಎಲ್ಲ ಅದ್ರಿಂದ್ಲೇ" ಎಂದ ಆಂಬ್ರೋಸ್. "ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಓಡಿಸ್ತಾ ಓಡಿಸ್ತಾನೇ ನಿದ್ದೆ ಹೋಗಿರ್ತಿದ್ದೆ. ನೀನು ಸ್ಟಿಯರಿಂಗ್ ಮುಟ್ಟಕೂಡದು. ಪಕ್ಕದ ಮನೆಯವ್ರಿಗೆ ಹೇಳ್ತೀನಿ, ಕ್ಲಿನಿಕ್ಕಿಗೆ ಕರ್ಕೊಂಡು ಹೋಗ್ತಾರೆ."

ಕ್ಲಿನಿಕ್ಕಿನಲ್ಲಿ ರಕ್ತ ತೆಗೆದರು. ಅಷ್ಟು ಗಂಟೆ ಕಳೆದಿದ್ದರೂ ಹೊಗೆಯ ವಿಷಗಾಳಿ, ಕಾರ್ಬನ್ ಮಾನಾಕ್ಸೈಡ್, ಇನ್ನೂ ರಕ್ತದಲ್ಲಿತ್ತು. ಡಾಕ್ಟರು ಸಂಜೆಯವರೆಗೂ ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿ ಮಲಗಿಸಿದರು. ಮುಖವಾಡದೊಳಗೇ ಥೋರಾ ತಿಂಗಳುಗಳನ್ನು ಹಿಂದಕ್ಕೆ ಒಪ್ಪಿಸಿಕೊಂಡಳು. ಆಗಸ್ಟ್ ದಾಟಿ ಜನವರಿಯವರೆಗೂ ಬಂದಳು.

ಮುರಿದ ಬೋಲ್ಟಿನ ತುಂಡನ್ನು ಡ್ರಿಲ್ ಹಾಕಿ ಹೊರಗೆಳೆಯಲು ಆಂಬ್ರೋಸನ ಕೈಗೂ ಅವಳ ಕಣ್ಣಿಗೂ ಎರಡು ದಿನ ಹಿಡಿಯಿತು. ಪಿಕಪ್ ಸರಿಹೋಯಿತು. ಅವಳ ಭಯ ಮಾತ್ರ ಹೋಗಲಿಲ್ಲ, ಬೇರೆ ಕಡೆ ತಿರುಗಿತು. ಆಂಬ್ರೋಸನ ಮನೆಯಲ್ಲಿ ಆದದ್ದು ಇನ್ನೆಲ್ಲೆಲ್ಲಿ ಆಗಿರಬಹುದು? ತನ್ನನ್ನು ಕೆಲಸಕ್ಕಿಟ್ಟ ಕಚೇರಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ನವೆಂಬರಿನಿಂದ ತಾನು ಕಾಲಿಟ್ಟ ಒಂದೊಂದು ಮನೆಗೂ ಮತ್ತೆ ಹೋಗಿ ಮಾತ್ರೆ ಡಬ್ಬಿಗಳನ್ನು ತೆರೆದು ನೋಡಿದಳು.

ಹನ್ನೊಂದು ಮನೆಗಳಲ್ಲಿ ಎಲ್ಲ ಸರಿಯಾಗಿತ್ತು. ಹನ್ನೆರಡನೆಯದು ಎಂಬತ್ತಮೂರರ ಹಿಲ್ಡೆಗಾರ್ಡ್ ವೋಲ್ಕಳದು. ಮುದುಕಿ ಅಲಮಾರಿಯಿಂದ ಒಂದು ಲಕೋಟೆ ತಂದು ಮೇಜಿನ ಮೇಲೆ ಸುರಿದಳು. ಏಳು ಬಿಳಿ ಮಾತ್ರೆಗಳು, ಹೃದಯದ ಕಾಯಿಲೆಯವು.

"ಡಿಸೆಂಬರಿನಲ್ಲಿ ಒಂದು ವಾರ ನೀನು ದಿನಕ್ಕೆರಡರ ಹಾಗೆ ಹಾಕಿಟ್ಟಿದ್ದೆ ಕಣೆ. ನಾನು ಒಂದೊಂದು ತೆಗೆದಿಟ್ಟೆ."

"ನಂಗೆ ಯಾಕೆ ಹೇಳ್ಲಿಲ್ಲ ಹಿಲ್ಡೆಗಾರ್ಡ್?"

"ನಿನ್ನ ಮುಖ ನೋಡಿದ್ರೆ ಸಂಕಟ ಆಗ್ತಿತ್ತು. ಅಮ್ಮನ ಕಾಯಿಲೆ ಬಂತೇನೋ ಅನ್ಕೊಂಡೆ. ಹೇಳಿದ್ರೆ ಕೆಲಸದಿಂದ ತೆಗೆದುಬಿಡ್ತಾರೆ ಅಂತ ಹೆದರಿಕೆ ಆಯ್ತು."

ಥೋರಾ ಆ ಏಳು ಮಾತ್ರೆಗಳನ್ನು ಲಕೋಟೆಗೆ ಹಾಕಿ ತನ್ನ ಚೀಲದಲ್ಲಿಟ್ಟುಕೊಂಡಳು. ಆಮೇಲೆ ವಾರದ ಡಬ್ಬಿಯನ್ನು ಪೂರ್ತಿ ಬರಿದು ಮಾಡಿ, ಮುದುಕಿಯ ಕೈಗೆ ಕನ್ನಡಕ ಕೊಟ್ಟು, "ನಾನು ಹಾಕ್ತೀನಿ, ನೀವು ಒಂದೊಂದಾಗಿ ಎಣಿಸಿ, ಗಟ್ಟಿಯಾಗಿ" ಎಂದಳು.