ಸದ್ದು ಮಾಡದ ಕೆಂಪು

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ನಿಜವಾಗಿ ಅವಳು ಅತ್ತಿಗೆಯಾಗಬೇಕಾದದ್ದು ಒಬ್ಬನಿಗೆ ಮಾತ್ರ, ಗಾಜಿನ ಕೋಣೆಯಲ್ಲಿ ಕೂತು ಬಣ್ಣ ಕುದಿಯುವ ಡ್ರಮ್ಮುಗಳ ಬಿಸಿಯ ಮೇಲೆ ಕಣ್ಣಿಡುವ ಮೈದುನನಿಗೆ. ಅವನ ಬಾಯಿಂದ ಹೊರಟದ್ದು ಕಾರ್ಖಾನೆಯ ತುಂಬ ಹಬ್ಬಿತು. ಅವನ ಪಕ್ಕದ ಕುರ್ಚಿಯಲ್ಲಿ ಕೂರುವ ಮೀಸೆ ಮಾವ, ಅವಳಿಗಿಂತ ಎಷ್ಟೋ ದೊಡ್ಡವನು, ಅವನೂ ಅತ್ತಿಗೆ ಅನ್ನತೊಡಗಿದಾಗ ಮೈದುನ ನಕ್ಕಿದ್ದ. ಮಾವನೇ ಅತ್ತಿಗೆ ಅಂದ್ರೆ ಈ ನಂಟು ಎಲ್ಲಿಗೆ ಹೋಗಿ ಮುಟ್ಟತ್ತೆ ಅಂತ.

ಅವಳು ಆ ಮನೆಗೆ ಸೊಸೆಯಾಗಿ ಬಂದಾಗ ಮೈದುನ ಇನ್ನೂ ಶಾಲೆಗೆ ಹೋಗುತ್ತಿದ್ದ. ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುವವನು, ತಟ್ಟೆ ಇಟ್ಟರೆ ಎರಡು ಸಲ ಬಡಿಸಿಕೊಳ್ಳುವವನು. ಗಂಡನಿಗೆ ಬಸ್ಸು ಓಡಿಸುವ ಕೆಲಸ, ಮನೆಯಲ್ಲಿ ಇರುವುದಕ್ಕಿಂತ ದಾರಿಯಲ್ಲಿ ಇರುವುದೇ ಹೆಚ್ಚು. ಹಾಗಾಗಿ ಮೈದುನನ ಲೆಕ್ಕದ ಪಾಠ, ಕಿತ್ತುಹೋದ ಗುಂಡಿ, ಮುರಿದ ಪ್ರೀತಿ ಎಲ್ಲವೂ ಅವಳ ಮಡಿಲಿಗೇ ಬಂದು ಬಿದ್ದವು. ನಾನು ಹೆತ್ತೆ, ಸಾಕಿದ್ದು ಇವಳು ಎಂದು ಅತ್ತೆಯೇ ಬಂದವರ ಮುಂದೆ ಹೇಳುತ್ತಿದ್ದಳು. ಅದರಲ್ಲಿ ಹೊಗಳಿಕೆ ಎಷ್ಟು, ಚುಚ್ಚು ಎಷ್ಟು ಎಂದು ಇವಳು ಅಳೆಯಲು ಹೋಗಲಿಲ್ಲ.

ಅವಳು ತನ್ನ ಕಸುಬು ಕಲಿತದ್ದು ದೀಪದ ಫಲಕ ಮಾಡುವ ಅಂಗಡಿಯಲ್ಲಿ. ಅಂಗಡಿಗಳ ಹೆಸರು ಪರದೆಯ ಮೇಲೆ ನೀಲಿಯಾಗಿ ಅರಳಿ ನೇರಳೆಯಾಗಿ ಮುದುಡುವಂತೆ ಪ್ರೋಗ್ರಾಂ ಬರೆಯುವ ಕೆಲಸ. ಕಂಪ್ಯೂಟರಿಗೆ ಬಣ್ಣವೆಂದರೆ ಮೂರು ಸಂಖ್ಯೆ ಅಷ್ಟೇ: ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು. ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಡುವಿನ ಅಂತರವನ್ನು ಚೂರುಚೂರು ಮಾಡಿ, ಪರದೆಯ ಮೇಲೆ ಕ್ಷಣಕ್ಷಣಕ್ಕೂ ಮೂಡುವ ಒಂದೊಂದು ಚಿತ್ರಕ್ಕೆ ಒಂದೊಂದು ಚೂರು ಸೇರಿಸುತ್ತ ಹೋಗಬೇಕು. ಹಸಿರಿನಿಂದ ಕೆಂಪಿಗೆ ನೇರವಾಗಿ ನಡೆದರೆ ನಡುದಾರಿಯಲ್ಲಿ ಕೆಸರಿನ ಬಣ್ಣ ತುಳಿಯಬೇಕಾಗುತ್ತದೆ. ಹಳದಿಯ ಕಡೆಯಿಂದ ಬಳಸಿಕೊಂಡು ಹೋದರೆ ಹಣ್ಣು ಮಾಗಿದ ಹಾಗೆ ಕಾಣುತ್ತದೆ. ಈ ಬಳಸುದಾರಿಯಲ್ಲಿ ಅವಳದು ಎತ್ತಿದ ಕೈ. ಬದಲಾಯಿತು ಅಂತ ಕಾಣಬೇಕು, ಯಾವಾಗ ಬದಲಾಯಿತು ಅಂತ ಕಾಣಬಾರದು ಎನ್ನುವುದು ಅವಳ ಮಾತು.

ಆ ಮಾತು ಮೈದುನನಿಂದ ಕಾರ್ಖಾನೆಯ ಯಜಮಾನರ ಕಿವಿಗೂ ಬಿತ್ತು. ಗಾಜಿನ ಕೋಣೆಯ ಪರದೆಯಲ್ಲಿ ಡ್ರಮ್ಮುಗಳ ಚಿತ್ರವಿತ್ತು. ಒಳಗೆ ಬಿಸಿ ಹದದಲ್ಲಿದ್ದರೆ ಹಸಿರು, ಏರಿದರೆ ಹಳದಿ, ಮಿತಿ ಮೀರಿದರೆ ಕೆಂಪು. ಬಣ್ಣ ಬದಲಾಗುವಾಗ ಚಿತ್ರ ಗಕ್ಕನೆ ಜಿಗಿಯುತ್ತಿತ್ತು, ಜೊತೆಗೆ ಗಂಟೆಯೂ ಬಡಿಯುತ್ತಿತ್ತು. ನೋಡಲು ಬಂದ ವ್ಯಾಪಾರಿಗಳು ಬೆಚ್ಚಿಬೀಳುತ್ತಾರೆ, ಕಾರ್ಖಾನೆಗೆ ಬೆಂಕಿ ಬಿದ್ದಂತೆ ಮುಖ ಮಾಡುತ್ತಾರೆ ಎಂದು ಯಜಮಾನರಿಗೆ ಮುಜುಗರ. ಬೆಣ್ಣೆಯಿಂದ ಕೂದಲು ತೆಗೆದ ಹಾಗಿರಬೇಕಮ್ಮ ಅಂದರು. ಬಿಸಿ ಏರಿದಷ್ಟೇ ನಿಧಾನವಾಗಿ ಬಣ್ಣವೂ ತಿರುಗುವಂತೆ ಅವಳು ಮಾಡಿಕೊಟ್ಟಳು. ಬಿಸಿಯ ಅಂಕಿ ಪರದೆಯ ಮೂಲೆಯಲ್ಲಿ ಇರುವೆ ಗಾತ್ರದಲ್ಲಿತ್ತು. ಬಣ್ಣ ಇರುವಾಗ ಅಂಕಿ ಓದುವವರು ಯಾರು ಎಂದು ಅದನ್ನು ಹಾಗೇ ಬಿಟ್ಟಳು.

ಹಳೆಯ ಪ್ರೋಗ್ರಾಂ ಬರೆದವನು ಕೆಲಸ ಬಿಟ್ಟು ಹೋಗಿ ಬಹಳ ಕಾಲವಾಗಿತ್ತು. ಗಂಟೆಯ ಭಾಗ ಅವನದು. ಸರಿಯಾಗಿ ನಡೆಯುತ್ತಿರುವ ಇನ್ನೊಬ್ಬರ ಪ್ರೋಗ್ರಾಮಿಗೆ ಕೈ ಹಾಕಬಾರದು ಎನ್ನುವುದು ಈ ಕಸುಬಿನವರ ಹಳೆಯ ನೇಮ. ಅವಳು ಆ ಸಾಲುಗಳ ಮೇಲೆ ಕಣ್ಣಾಡಿಸಿದಳು, ಮುಟ್ಟಲಿಲ್ಲ.

ಹೊಸ ಪರದೆ ಬಂದ ಮೇಲೆ ಮೈದುನ ಮನೆಯಲ್ಲಿ ಹೊಗಳಿದ್ದೇ ಹೊಗಳಿದ್ದು. "ಅತ್ತಿಗೆ, ಏನು ಕೈಗುಣ ನಿಮ್ದು! ಆ ಗಂಟೆ ಕೂಡ ಬಾಯಿ ಮುಚ್ಕೊಂಡಿದೆ. ಮೀಸೆ ಮಾವ ಈಗ ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಾರೆ." ಅವಳು ನಕ್ಕಳು. ಅವಳ ಮಗುವಿಗೆ ಹಲ್ಲು ಬರುವ ದಿನಗಳು, ಅರ್ಧ ಕಿವಿ ಅತ್ತ, ಅರ್ಧ ಇತ್ತ. ಆದರೂ ಆ ಮಾತು ಅಕ್ಕಿಯಲ್ಲಿನ ಕಲ್ಲಿನಂತೆ ಎಲ್ಲೋ ಉಳಿದುಕೊಂಡಿತು.

ಒಂದು ದಿನ ಬೆಳಗಿನಿಂದ ಮಗು ಸೊಂಟ ಬಿಟ್ಟು ಇಳಿಯಲಿಲ್ಲ. ಎತ್ತಿಕೊಂಡೇ ಬಟ್ಟೆ ಮಡಿಚಿದಳು, ಎತ್ತಿಕೊಂಡೇ ಒಲೆ ಹಚ್ಚಿದಳು. ಮಧ್ಯಾಹ್ನ ಅತ್ತೆ ಸಂತೆಯಿಂದ ಬಂದು, ಕೈಕಾಲು ತೊಳೆದು, ಮಗುವಿನ ಹಣೆ ಮುಟ್ಟಿದವಳೇ ಕೈ ಹಿಂದೆ ತೆಗೆದಳು.

"ಮಗು ಮೈ ಕೆಂಡ ಆಗಿದೆಯಲ್ಲೇ. ಬೆಳಿಗ್ಗೆಯಿಂದ ಎತ್ಕೊಂಡಿದೀಯ, ನಿಂಗೆ ಗೊತ್ತೇ ಆಗ್ಲಿಲ್ವಾ?"

"ಇಲ್ಲ ಅತ್ತೆ. ಬೆಚ್ಚಗಿದೆ ಅನ್ಕೊಂಡೆ ಅಷ್ಟೇ."

"ಹೇಗೆ ಗೊತ್ತಾಗತ್ತೆ. ಮಗು ಜೊತೆ ನೀನೂ ಕಾದಿದೀಯ. ಹೊರಗಿಂದ ಬಂದ ಕೈಗೇ ಅದು ತಿಳಿಯೋದು."

ಬೈಗುಳದ ಮಾತೇನಲ್ಲ ಅದು. ಆದರೆ ಗಂಟೆ ಬಾಯಿ ಮುಚ್ಚಿಕೊಂಡಿದೆ ಎಂದಿದ್ದ ಮೈದುನನ ಮಾತು ಅವಳಿಗೆ ನೆನಪಾಯಿತು. ಅಕ್ಕಿಯಲ್ಲಿನ ಕಲ್ಲು ಈಗ ಹಲ್ಲಿಗೆ ಸಿಕ್ಕಿತ್ತು. ಅಂದು ಕಣ್ಣಾಡಿಸಿ ಬಿಟ್ಟ ಸಾಲುಗಳು ಒಂದೊಂದಾಗಿ ನೆನಪಾದವು. ಹಿಂದಿನ ಚಿತ್ರಕ್ಕೂ ಈಗಿನ ಚಿತ್ರಕ್ಕೂ ಬಣ್ಣದಲ್ಲಿ ದೊಡ್ಡ ಅಂತರ ಕಂಡರೆ ಗಂಟೆ ಬಾರಿಸು ಎಂದು ಆ ಹಳೆಯವನು ಬರೆದಿದ್ದ. ಗಂಟೆ ಕಾಯುತ್ತಿದ್ದದ್ದು ಬಿಸಿಯನ್ನಲ್ಲ, ಜಿಗಿತವನ್ನು. ಜಿಗಿತವನ್ನು ಇವಳು ಚೂರುಚೂರು ಮಾಡಿ ಹಾಕಿದ್ದಳು. ಇನ್ನು ಡ್ರಮ್ಮು ಕೆಂಪಾಗಿ ಕರಗಿ ಹೋದರೂ ಗಂಟೆಗೆ ಎರಡು ಚಿತ್ರಗಳ ನಡುವೆ ಅಂತರ ಕಾಣುವುದೇ ಇಲ್ಲ. ಅದರ ಮುಂದೆ ಕೂತ ಮೈದುನನಿಗೂ ಕಾಣುವುದಿಲ್ಲ.

ಫೋನ್ ಮಾಡಿದಳು. ಗಾಜಿನ ಕೋಣೆಗೆ ಫೋನ್ ಒಯ್ಯುವಂತಿರಲಿಲ್ಲ, ಅವನದು ಗೇಟಿನ ಪೆಟ್ಟಿಗೆಯಲ್ಲಿ ಬಡಿದುಕೊಂಡು ಸುಮ್ಮನಾಯಿತು. ಯಜಮಾನರು ಎತ್ತಲಿಲ್ಲ. ಮಗುವಿಗೆ ಔಷಧಿ ಕುಡಿಸಿ, ಅತ್ತೆಯ ತೊಡೆಯ ಮೇಲೆ ಮಲಗಿಸಿ, ಮೊಳೆಗೆ ತೂಗುಹಾಕಿದ್ದ ಕೆಂಪು ಕೈಚೀಲ ಎಳೆದುಕೊಂಡು ಹೊರಟಳು. ಎಲ್ಲಿಗೆ ಎಂದು ಅತ್ತೆ ಕೇಳಿದ್ದಕ್ಕೆ, ನಿಮ್ಮ ಇನ್ನೊಂದು ಮಗುವಿನ ಮೈ ಮುಟ್ಟಿ ನೋಡಿ ಬರ್ತೀನಿ ಅಂದಳು.

ಕಾರ್ಖಾನೆಯ ಅಂಗಳದಲ್ಲಿ ಎಲ್ಲವೂ ಎಂದಿನಂತೆಯೇ ಇತ್ತು. ಒದ್ದೆ ಬಟ್ಟೆಯ ಗಾಡಿಗಳು, ಹಬೆಯ ವಾಸನೆ, ಗೋಡೆಯ ಬುಡದಲ್ಲಿ ನೀಲಿ ನೀರಿನ ಕಾಲುವೆ. ಆ ಎಂದಿನಂತಿರುವುದನ್ನು ಕಂಡೇ ಅವಳು ಹೆಜ್ಜೆ ಚುರುಕು ಮಾಡಿದಳು. ಗಾಜಿನ ಕೋಣೆಯ ಬಾಗಿಲು ತಳ್ಳಿದಳು. ಪರದೆಯ ಕೊನೆಯ ಡ್ರಮ್ಮು ಕಡುಗೆಂಪಾಗಿತ್ತು. ಅದರ ಎದುರಿಗೇ ಮೈದುನ ಗಲ್ಲಕ್ಕೆ ಕೈಕೊಟ್ಟು, ಕಣ್ಣು ಮಿಟುಕಿಸದೆ ನೋಡುತ್ತ ಕೂತಿದ್ದ. ಮೀಸೆ ಮಾವ ಪಕ್ಕದಲ್ಲಿ ಹಲ್ಲುಕಡ್ಡಿ ಆಡಿಸುತ್ತಿದ್ದ.

"ಕೊನೇ ಡ್ರಮ್ಮು ಯಾವ ಬಣ್ಣ ಇದೆಯೋ?"

"ಹಳದಿ. ಬೆಳಿಗ್ಗೆಯಿಂದ ಹಳದೀನೇ. ಯಾಕೆ ಅತ್ತಿಗೆ, ಇಷ್ಟು ದೂರ ಬಂದ್ರಿ?"

ತಮಾಷೆ ಮಾಡುತ್ತಿಲ್ಲ ಅವನು. ಅವಳು ವಾದ ಮಾಡಲಿಲ್ಲ. ಕೈಚೀಲವನ್ನು ಎತ್ತಿ ಪರದೆಗೆ ಒತ್ತಿ ಹಿಡಿದಳು. ಚೀಲ ಎಲ್ಲಿ ಮುಗಿಯಿತು, ಡ್ರಮ್ಮು ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ.

"ಈ ಚೀಲ ಯಾವ ಬಣ್ಣ?"

ಅವನು ಧಡಕ್ಕನೆ ಎದ್ದ. ಕುರ್ಚಿ ಹಿಂದಕ್ಕೆ ಉರುಳಿತು, ಮೆಟ್ಟಿಲ ಮೇಲೆ ಅವನ ಹೆಜ್ಜೆ ದಡದಡ ಇಳಿಯಿತು. ಮೀಸೆ ಮಾವ ಬಾಯಿಂದ ಹಲ್ಲುಕಡ್ಡಿ ತೆಗೆದು, ಅದನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಒಂದು ಕ್ಷಣ ನಿಂತು, ಹಿಂದೆಯೇ ಓಡಿದ. ಗಾಜಿನಾಚೆ ಅವಳಿಗೆ ಎಲ್ಲ ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಡ್ರಮ್ಮಿಗೆ ಬಿಸಿ ಕೊಡುವ ಹಬೆಯ ಕೊಳವೆಯ ತಿರುಪು ಕಚ್ಚಿಕೊಂಡು ಪೂರ್ತಿ ಮುಚ್ಚಿರಲಿಲ್ಲ. ಇಬ್ಬರೂ ಅದಕ್ಕೆ ಜೋತುಬಿದ್ದರು. ಮುಚ್ಚಳದ ಅಂಚಿನಿಂದ ಬಿಳಿಯ ಹಬೆಯೊಂದು ನಾಲಗೆಯಂತೆ ಹೊರಚಾಚಿ ಮೈದುನನ ಮುಂಗೈ ನೆಕ್ಕಿ ಒಳಹೋಯಿತು. ಅವನು ಕೈ ಬಿಡಲಿಲ್ಲ. ತಿರುಪು ತಿರುಗಿತು.

ಪರದೆಯ ಮೇಲೆ ಕೆಂಪು ಇಳಿಯತೊಡಗಿತು. ಎಂಥ ನುಣುಪು. ಯಾವಾಗ ಇಳಿಯಿತು ಎಂದು ಅವಳ ಕಣ್ಣಿಗೇ ತಿಳಿಯಲಿಲ್ಲ.

ಆಸ್ಪತ್ರೆಯಿಂದ ಕೈಗೆ ಪಟ್ಟಿ ಸುತ್ತಿಸಿಕೊಂಡು ಬಂದ ಮೈದುನ, ಇನ್ನು ಒಂದು ತಿಂಗಳು ನೀವೇ ಕಲಸಿ ತಿನ್ನಿಸಬೇಕು ನೋಡಿ ಎಂದು ಹಲ್ಲು ಕಿರಿದ. ಅವಳಿಗೆ ನಗು ಬರಲಿಲ್ಲ. ಅಷ್ಟರಲ್ಲಿ ಅವಳು ಗಂಟೆಯನ್ನು ಬಣ್ಣದಿಂದ ಬಿಡಿಸಿ ಬಿಸಿಗೇ ಕಟ್ಟಿದ್ದಳು, ಹಳೆಯ ಜಿಗಿತವನ್ನೂ ವಾಪಸು ತಂದಿದ್ದಳು. ಯಜಮಾನರು ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, ಇನ್ನೊಂದು ವಿಷಯ ಇದೆಯಮ್ಮ ಅಂದರು. ಪರದೆ ಚೆಂದ ಕಂಡಿತೆಂದು ಅವರ ಷಡ್ಡಕ ಆ ಪ್ರೋಗ್ರಾಮನ್ನು ತನ್ನ ಕಾರ್ಖಾನೆಗೂ ಒಯ್ದಿದ್ದ. ಅವನಿಂದ ಅವನ ಗೆಳೆಯರು. ಅವರಿಂದ ಯಾರೋ.

"ಯಾರ್ಯಾರು ಅಂತ ಗೊತ್ತಾ?"

"ಕೆಲವರು ಗೊತ್ತು. ಎಲ್ಲರೂ ನಿನ್ನ ಹೊಗಳೋರೇ."

ಸಂಜೆ ಮನೆಯ ಹೊಸ್ತಿಲಲ್ಲಿ ಕೂತು, ಮಲಗಿದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಷಡ್ಡಕನ ಕಾರ್ಖಾನೆಯವರು ಕೂಡಲೇ ಹಬೆ ನಿಲ್ಲಿಸಿದರು. ಮತ್ತೊಬ್ಬರು ನಾಳೆ ನೋಡೋಣ ಅಂದರು, ಅವರನ್ನು ಬೈದು ಒಪ್ಪಿಸಿದಳು. ಇನ್ನೊಂದು ಕಡೆ ಫೋನ್ ಎತ್ತಿದವನದು ಎಳೆಯ ದನಿ, ಮೈದುನನ ವಯಸ್ಸಿರಬೇಕು.

"ಇಲ್ಲೇನೂ ತೊಂದ್ರೆ ಇಲ್ಲ ಅಕ್ಕಾ. ಈಗಲೂ ಅದನ್ನೇ ನೋಡ್ತಾ ಇದೀನಿ. ಎಲ್ಲ ಹಸಿರೇ ಇದೆ."

"ಎಷ್ಟು ಹೊತ್ತಿಂದ ಕೂತಿದೀಯಪ್ಪ?"

"ಬೆಳಿಗ್ಗೆಯಿಂದ. ಎದ್ದೇ ಇಲ್ಲ."

"ನನ್ನ ಮಾತು ಕೇಳು. ಎದ್ದು ಹೊರಗೆ ಹೋಗು. ಆಕಾಶ ನೋಡು, ಒಂದು ಮರ ನೋಡು. ಆಮೇಲೆ ಒಳಗೆ ಬಂದು ಪರದೆ ನೋಡಿ, ಯಾವ ಬಣ್ಣ ಅಂತ ಹೇಳು. ಫೋನ್ ಅಲ್ಲೇ ಇಟ್ಟು ಹೋಗು, ನಾನು ಕಾಯ್ತೀನಿ."

ಅವನು ನಕ್ಕ, ಆದರೆ ಎದ್ದ. ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು. ಹೆಜ್ಜೆಗಳು ದೂರವಾದವು, ಬಾಗಿಲು ತೆರೆದು ಮುಚ್ಚಿಕೊಂಡಿತು. ಆಮೇಲೆ ಖಾಲಿ ಕೋಣೆಯ ಗುಂಯ್‌ಗುಡುವ ಸದ್ದು ಮಾತ್ರ. ಅವಳು ಫೋನನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕೈಯನ್ನು ಮಗುವಿನ ಹಣೆಯ ಮೇಲಿಟ್ಟಳು. ತೆಗೆದಳು, ನೆಲದ ಮೇಲೆ ಊರಿ ತಣ್ಣಗೆ ಮಾಡಿಕೊಂಡಳು, ಮತ್ತೆ ಇಟ್ಟಳು. ಫೋನಿನಾಚೆಯ ಆ ಬಾಗಿಲು ಇನ್ನೂ ತೆರೆದಿರಲಿಲ್ಲ.